ಅಳುವ ದೃಶ್ಯ

ಇಡೀ ಹಾಲ್ ಮುಖ ಗಂಟಿಕ್ಕಿಕೊಂಡು ಕೂತಿದ್ದಾಗ ಅಕ್ಕ ನಕ್ಕುಬಿಟ್ಟಳು. ಮುಸಿಮುಸಿ ನಗುವಲ್ಲ, ಹೊಟ್ಟೆ ಹಿಡಿದುಕೊಂಡು, ಮುಂದಿನ ಸೀಟಿಗೆ ಹಣೆ ಒತ್ತಿಕೊಂಡು, ಉಸಿರು ಸಿಗದೆ ನಗುವ ನಗು. ಪತ್ರಿಕೆಯವರಿಗೆಂದೇ ಬೆಳಗ್ಗೆ ಇಟ್ಟಿದ್ದ ಪ್ರದರ್ಶನ ಅದು. ಸಿನಿಮಾ ನೋಡಿ ನೋಡಿಯೇ ನಗು ಬತ್ತಿಹೋಗಿದ್ದ ವಿಮರ್ಶಕರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಅವರಲ್ಲೊಬ್ಬನಾದ ಅವಳ ತಮ್ಮ, ಪಕ್ಕದ ಕುರ್ಚಿಯಲ್ಲೇ ಕುಗ್ಗಿ, "ಅಕ್ಕಾ, ಮೆಲ್ಲಗೆ," ಎಂದ. ಅವಳಿಗೆ ಅದಕ್ಕೂ ನಗು ಬಂತು.

ಭಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅಕ್ಕ ಅತ್ತದ್ದನ್ನು ಯಾರೂ ನೋಡಿರಲಿಲ್ಲ, ನಕ್ಕದ್ದನ್ನೂ ನೋಡಿರಲಿಲ್ಲ. ಒಬ್ಬಳೇ ಕೂತು ಮಂಕಾಗುವುದು ಬೇಡವೆಂದು ತಮ್ಮನೇ ಬಲವಂತ ಮಾಡಿ ಕರೆತಂದಿದ್ದ.

ತೆರೆಯ ಮೇಲೆ ಹಾಲಿವುಡ್ಡಿನ ಮೂಕಿ ಕಾಲದ ಶೂಟಿಂಗ್ ನಡೆದಿತ್ತು. ನಾಯಕಿ ಗಂಡನ ಶವಪೆಟ್ಟಿಗೆಯ ಮುಂದೆ ಅಳಬೇಕು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನಿರ್ದೇಶಕ ತುತ್ತೂರಿಯಂಥ ಮೆಗಾಫೋನು ಹಿಡಿದು "ಅಳು! ಅಳು!" ಎಂದು ಅರಚುತ್ತಾನೆ. ಒಬ್ಬ ಈರುಳ್ಳಿ ತರುತ್ತಾನೆ, ಒಬ್ಬಳು ತೋಳು ಚಿವುಟುತ್ತಾಳೆ, ಮತ್ತೊಬ್ಬ ಅವಳ ಕಿವಿಯ ಹತ್ತಿರ ನಿಂತು ಶೋಕದ ಪಿಟೀಲು ಕುಯ್ಯುತ್ತಾನೆ. ಕೊನೆಗೆ ಪೆಟ್ಟಿಗೆಯೊಳಗಿನ ಹೆಣವೇ ಎದ್ದು ಕೂತು, "ತಾಯೀ, ಬೇಗ ಅತ್ತುಬಿಡು, ನನಗೆ ಹೊಟ್ಟೆ ಹಸೀತಿದೆ," ಅನ್ನುತ್ತದೆ.

ಸಿನಿಮಾ ಮುಗಿದ ಮೇಲೆ ಅಕ್ಕ ಮುಖ ತೊಳೆಯಲು ಹೋದಳು. ಹೊರಗೆ ಮೆಟ್ಟಿಲ ಬಳಿ ಚಾನೆಲ್ಲಿನ ಹುಡುಗಿಯೊಬ್ಬಳು ಮೈಕು ಹಿಡಿದು ಬಂದವರ ಅಭಿಪ್ರಾಯ ಕೇಳುತ್ತಿದ್ದಳು. ಒಬ್ಬ "ಛಾಯಾಗ್ರಹಣ ಚೆನ್ನಾಗಿದೆ" ಎಂದು ಜಾರಿಕೊಂಡ. ಇನ್ನೊಬ್ಬ, "ಹಳಸಲು ಜೋಕಿಗೆ ಹೊಸ ಕೋಟು ಹೊಲಿಸಿದ್ದಾರೆ," ಎಂದು ತನ್ನ ಮಾತನ್ನು ತಾನೇ ಮೆಚ್ಚಿಕೊಂಡ. ಆಮೇಲೆ ತಮ್ಮನ ಹೆಗಲು ತಟ್ಟಿ, "ಆ ನಗ್ತಿದ್ದ ಹೆಂಗಸು ಯಾರ್ರೀ? ನಿರ್ಮಾಪಕರ ಕಡೆಯವರಾ?" ಎಂದ. ತಮ್ಮನೂ ಜೊತೆಗೂಡಿ ನಕ್ಕ. ನಮ್ಮಕ್ಕ ಅನ್ನಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಮೈಕು ಅವನ ಮುಂದೆ ಬಂತು.

"ಆ ಕಾಲದ ಸೆಟ್ಟು, ಬಟ್ಟೆ, ಕ್ಯಾಮೆರಾ ಎಲ್ಲ ನೋಡೋಕೆ ಚಂದ," ಎಂದು ಅವನು ಗಂಟಲು ಸರಿಮಾಡಿಕೊಂಡ. "ಆದ್ರೆ ಶವಪೆಟ್ಟಿಗೆ ಮುಂದೆ ಅಳಿಸೋ ಸೀನು ಇದೆಯಲ್ಲ, ಅದು ದುಃಖ ಅಂದ್ರೇನು ಅಂತಾನೇ ಗೊತ್ತಿಲ್ಲದವರು ಬರೆದಿದ್ದು."

ಅವನ ಹಿಂದೆಯೇ ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದಳು. ಹುಡುಗಿ ಮೈಕನ್ನು ಅತ್ತ ತಿರುಗಿಸಿದಳು. "ನಿಮಗೆ ಹೇಗನ್ನಿಸ್ತು ಮೇಡಂ?"

"ಬೇರೆದೆಲ್ಲ ಅಷ್ಟಕ್ಕಷ್ಟೇ ಕಣಮ್ಮ," ಎಂದಳು ಅಕ್ಕ. "ಆ ಅಳೋ ಸೀನು ಮಾತ್ರ ನಡೆದದ್ದು ನಡೆದ ಹಾಗೇ ಇದೆ." ಹೇಳಿ, ತಮ್ಮನ ತೋಳು ಹಿಡಿದು, "ಬಾರೋ, ಬಸ್ಸು ತಪ್ಪೀತು," ಎಂದಳು. ಹೆಗಲು ತಟ್ಟಿದವನು ಮೆಲ್ಲಗೆ ಅಲ್ಲಿಂದ ಕಾಲ್ತೆಗೆದ.

ಬಸ್ ಸ್ಟಾಪಿನವರೆಗೂ ಮುಖ ದಪ್ಪ ಮಾಡಿಕೊಂಡೇ ಬಂದ ತಮ್ಮ. ಕೊನೆಗೆ ತಡೆಯಲಾರದೆ ಕೇಳಿದ: "ನಡೆದ ಹಾಗೇ ಅಂದ್ಯಲ್ಲ, ಎಲ್ಲಿ ನಡೆದಿತ್ತು?"

"ನಮ್ಮನೇಲಿ. ನಿಮ್ಮ ಭಾವನ್ನ ನಡುಮನೇಲಿ ಮಲಗಿಸಿದ್ರಲ್ಲ, ಅವತ್ತು. ನಾನು ಗೋಡೆಗೆ ಒರಗಿ ಕೂತಿದ್ದೆ. ನೀವೆಲ್ಲ ಸುತ್ತ ನಿಂತು ನನ್ನ ಮುಖಾನೇ ನೋಡ್ತಿದ್ರಿ. ಅತ್ತುಬಿಡಮ್ಮ, ಎದೆ ಹಗುರಾಗುತ್ತೆ ಅಂತ ಒಬ್ಬರಾದ ಮೇಲೆ ಒಬ್ಬರು. ದೊಡ್ಡಮ್ಮ ತೋಳು ಚಿವುಟಿದ್ರು ಕಣೋ, ವಾರವೆಲ್ಲ ನೀಲಿಗಟ್ಟಿತ್ತು."

"ದೊಡ್ಡಮ್ಮ ಚಿವುಟಿದ್ರಾ?"

"ಚಿವುಟಿದ್ದು ಅವರು. ಪಿಟೀಲು ಬಾರಿಸಿದ್ದು ನೀನು."

ಅವನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಕಿವಿ ಬಿಸಿಯಾಯಿತು. ಅವತ್ತು ತನ್ನ ಫೋನಿನಲ್ಲಿ ಉಳಿದಿದ್ದ ಭಾವನ ವಾಯ್ಸ್ ಮೆಸೇಜನ್ನು ಹುಡುಕಿ ತೆಗೆದು ಅವಳ ಕಿವಿಗೆ ಹಿಡಿದವನು ಅವನೇ. ದನಿ ಕೇಳಿದರೆ ಅವಳ ದುಃಖದ ಕಟ್ಟೆ ಒಡೆದೀತು ಎಂದುಕೊಂಡಿದ್ದ. ಒಂದು ಸಲಕ್ಕೆ ಆಗಲಿಲ್ಲವೆಂದು ಮತ್ತೆ ಹಾಕಿದ್ದ, ಮತ್ತೂ ಹಾಕಿದ್ದ: 'ಟೂತ್‌ಪೇಸ್ಟ್ ಮುಗಿದಿದೆ ಕಣಯ್ಯಾ, ನಮ್ಮನೆ ಕಡೆ ಬರ್ತಾ ಒಂದು ಹಿಡ್ಕೊಂಡು ಬಾ. ನಿಮ್ಮಕ್ಕಂಗೆ ಹೇಳಬೇಡ, ತರೋಕೆ ನನಗೇ ಹೇಳಿದ್ಲು, ಮರೆತೇಬಿಟ್ಟೆ.'

"ಅದನ್ನ ಕೇಳಿ ನನಗೆ ಎಂಥಾ ನಗು ಬಂತು ಗೊತ್ತಾ?" ಎಂದಳು ಅಕ್ಕ. "ಹೆಣದ ಮುಂದೆ ನಕ್ಕರೆ ತಲೆ ಕೆಟ್ಟಿದೆ ಅಂತೀರಿ ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಇವತ್ತು ಕತ್ತಲಲ್ಲಿ ಒಟ್ಟಿಗೇ ಬಂದುಬಿಡ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು. ರಸ್ತೆಯ ಕಡೆ ನೋಡುತ್ತಲೇ ಕೇಳಿದ: "ಆಮೇಲಾದ್ರೂ, ಒಬ್ಬಳೇ ಇದ್ದಾಗ, ಅಳು ಬಂತಾ?"

"ಇನ್ನೇನು ಬಂತು ಅನ್ನೋ ಹೊತ್ತಿಗೆ ಸರಿಯಾಗಿ ನಿನ್ನ ಫೋನು. ಅಕ್ಕಾ, ಅಳು ಬಂತಾ ಅಂತ. ಈಗಲೂ ಅದನ್ನೇ ಕೇಳ್ತಿದ್ದೀಯ ನೋಡು. ಅಷ್ಟೊಂದು ಜನ ಕಾಯ್ತಾ ಕೂತಿದ್ರೆ ಯಾರಿಗೆ ತಾನೇ ಬರುತ್ತಪ್ಪಾ?"

ಬಸ್ಸು ಬಂತು. ಒಳಗೆ ಅರ್ಧಕ್ಕರ್ಧ ಖಾಲಿಯಿತ್ತು. ಅಕ್ಕ ಹಿಂದೆ ಹೋಗಿ ಕಿಟಕಿಯ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲೆತ್ತಿಕೊಂಡು ತಮ್ಮನಿಗೆ ಜಾಗ ಮಾಡಿದಳು. ಅವನು ಅಲ್ಲಿ ಕೂರಲಿಲ್ಲ. ಕಾಯುವವರಲ್ಲಿ ಒಬ್ಬನಾದರೂ ಕಡಿಮೆಯಾಗಲಿ ಎಂದು ನಾಲ್ಕಾರು ಸಾಲು ಮುಂದೆ ಹೋಗಿ, ಅವಳಿಗೆ ಬೆನ್ನು ಮಾಡಿ ಕೂತ. ಇಳಿಯುವ ಸ್ಟಾಪು ಬರುವವರೆಗೂ ಹಿಂತಿರುಗಿ ನೋಡಲಿಲ್ಲ.