ಪೂಜೆಯಾದ ಗಾಡಿ

"ಮುಟ್ಬೇಡ ಕಣೋ! ಪೂಜೆ ಆಗಿದೆ!" ಗಾಡಿಯ ಯಜಮಾನ ಪಟ್ಟಾಭಿರಾಮ ಕೂಗಿದ. ಮೆಕ್ಯಾನಿಕ್ ಚಿಕ್ಕರಂಗಯ್ಯನ ಸ್ಪ್ಯಾನರ್ ಮುಂದಿನ ಎಡಚಕ್ರದ ಹತ್ತಿರವೇ ನಿಂತಿತು. ಎರಡು ಬಾಗಿಲಿನ ಹಳೇ ಅಮೆರಿಕನ್ ಡಾಡ್ಜಿಗೆ ಹಾರ ಹಾಕಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ಪೆಟ್ರೋಲು ಕುಡಿದು ಕುಡಿದು ಮೂಲೆ ಸೇರಿದ್ದ ಆ ಗಾಡಿಗೆ ಲಾರಿಯ ಡೀಸೆಲ್ ಎಂಜಿನ್ ಕೂರಿಸಲು ಚಿಕ್ಕರಂಗಯ್ಯ ಕುಣಿಗಲ್ಲಿನ ತನ್ನ ಶೆಡ್ಡಿನಲ್ಲಿ ಏಳು ತಿಂಗಳು ಅದರ ಹೊಟ್ಟೆಯೊಳಗೇ ಬಿದ್ದಿದ್ದ.

"ಏಳು ತಿಂಗ್ಳು ಮುಟ್ಟಿದ್ದು ಯಾರು ಸ್ವಾಮಿ?"

"ಅದು ಬೇರೆ. ಈಗ ಒಳಗೆ ಅಮ್ಮ ಕೂತಿದಾರೆ. ದೂರ ನಿಂತ್ಕೊ."

ಹಿಂದಿನ ಸೀಟಿನಲ್ಲಿ ಮಡಿಯಲ್ಲಿದ್ದ ಅವನ ತಾಯಿ ತುಳಸಮ್ಮ ಮುಖ ತಿರುಗಿಸಿದರು. ಪಟ್ಟಾಭಿರಾಮ ಒಳಗೆ ಕೂತು ಕೀಲಿ ತಿರುಗಿಸಿದ, ಎಂಜಿನ್ ಗುಡುಗಿತು. ಚಿಕ್ಕರಂಗಯ್ಯ ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು, ಮುಂದಿನ ತಿರುವಿನಲ್ಲಿ ಆ ಚಕ್ರವೇ ಉತ್ತರ ಹೇಳುತ್ತಿತ್ತು. ಆದರೂ ಅವನು ಹಲ್ಲು ಕಚ್ಚಿ ಗಾಡಿಗೆ ಅಡ್ಡ ನಿಂತು, ಸ್ಪ್ಯಾನರನ್ನು ಪಟ್ಟಾಭಿರಾಮನ ಬಾಗಿಲ ಬುಡಕ್ಕೆ ಎಸೆದ.

"ಹಂಗಾದ್ರೆ ನೀವೇ ಬಿಗಿ ಮಾಡ್ಕಳಿ. ಆ ಚಕ್ರದ ಐದು ನಟ್ಟೂ ಸಡ್ಲ ಅವೆ. ಪೂಜೆ ಆದ್ಮೇಲೆ ಬಿಗಿಯೋದು ನಮ್ ಗುರುಗಳ ಪದ್ಧತಿ."

ಎಂಜಿನ್ ಸದ್ದಡಗಿತು. ಪಟ್ಟಾಭಿರಾಮ ಜರಿಪಂಚೆಯಲ್ಲೇ ಎಣ್ಣೆಮಣ್ಣಿಗೆ ಮಂಡಿಯೂರಿ ಸ್ಪ್ಯಾನರನ್ನು ಬಲಕ್ಕೆ ಎಳೆದ. ನಟ್ಟು ಇನ್ನಷ್ಟು ಸಡಿಲವಾಯಿತು.

"ಈ ಗಾಡಿಗೆ ಎಡಗಡೆ ನಟ್ಟು ಉಲ್ಟಾ. ಎಡಕ್ಕೆ ತಿರುಗ್ಸಿ," ಎಂದ ಚಿಕ್ಕರಂಗಯ್ಯ, ಪಟ್ಟಾಭಿರಾಮ ಹೇಳಿದಷ್ಟೇ ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತು. "ಹ್ಞಾ, ಹಂಗೆ. ಒಂದಾಯ್ತು. ಇನ್ನೂ ನಾಲ್ಕವೆ."