ಮುಖಪುಟದ ನತ್ತಿಂಗ

ಶಾಯಿ ಇನ್ನೂ ಆರದ ಮುಖಪುಟವನ್ನು ಶೈಲಜಾ ಕೈಗೆತ್ತಿಕೊಂಡಳು. ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಮತೀನ್, ಹಕ್ಕಿ ಎಲ್ಲದ್ರಿ?"

"ಯಾವ ಹಕ್ಕಿರಿ ಮೇಡಂ?" ಎಂದ ಪ್ರೆಸ್ಸಿನ ಮಾಲೀಕ.

ರಾಯಚೂರಿನ ಆ ಸಣ್ಣ ಪ್ರೆಸ್ಸಿನ ಹಿಂಬದಿಯಲ್ಲಿ ಆಳು ಪರಮಣ್ಣ ಓಡಿಸುತ್ತಿದ್ದ ಛಾಪಿಸುವ ಮಷಿನ್ನು ಧಡಲ್ ಧಡಲ್ ಎನ್ನುತ್ತಿತ್ತು. ಎಂದಾಗಲೆಲ್ಲ ಒಂದೊಂದು ಮುಖಪುಟ ಬಂದು ಬೀಳುತ್ತಿತ್ತು. 'ಎಡೆದೊರೆ ನಿಸರ್ಗ' ಎಂಬ ಹೆಸರು ಚೆಂದಾಗಿ ಮೂಡಿತ್ತು. ಪ್ರಾಣಿಪಕ್ಷಿಗಳ ಸಂಶೋಧನೆಗೆಂದೇ ಶೈಲಜಾ ಸಂಪಾದಕಿಯಾಗಿ ನಡೆಸುವ ಪತ್ರಿಕೆ ಅದು. ಹೆಸರಿನ ಕೆಳಗೆ ಕಲ್ಲು. ಬರೀ ಕಲ್ಲು.

ದೇವದುರ್ಗದ ಮಗ್ಗುಲಿನ ಕಲ್ಲುದಿಬ್ಬದ ಮರಡಿಯಲ್ಲಿ, ಮಾನವಿಯ ಮೇಷ್ಟ್ರು ಅಮರೇಶ ಉರಿಬಿಸಿಲಲ್ಲಿ ಹೊಟ್ಟೆ ಮೇಲೆ ತೆವಳಿ ತೆಗೆದ ಚಿತ್ರ ಅದು. ಮೊಟ್ಟೆಯ ಮೇಲೆ ಕೂತ ನತ್ತಿಂಗ. ಗೂಡು ಕಟ್ಟದೆ ಬರಿನೆಲದ ಮೇಲೆ ಮೊಟ್ಟೆಯಿಟ್ಟು, ತಾನೂ ನೆಲವೇ ಆಗಿ ಕೂತುಬಿಡುವ ಹಕ್ಕಿ. ಕಾಣದಿರುವುದೇ ಶಿವ ಅದಕ್ಕೆ ಕೊಟ್ಟ ವರ. ಆ ಮರಡಿಯ ತುಂಬ ಸೋಲಾರ್ ಪ್ಲೇಟು ಹಾಸಲು ಬಂದವರು 'ಕಲ್ಲು ಬಿಟ್ಟರೆ ಅಲ್ಲಿ ಏನೂ ಇಲ್ಲ' ಎಂದು ವರದಿ ಕೊಟ್ಟಿದ್ದರು. ನಾಳೆ ಬೆಳಿಗ್ಗೆ ದೇವದುರ್ಗದಲ್ಲಿ ಜನರ ಅಹವಾಲು ಕೇಳುವ ಸಭೆ. ಸಭೆ ನಡೆಸುವ ಸಾಹೇಬರ ಕೈಗೆ ಸಂಚಿಕೆ ಕೊಟ್ಟು, ಇಗೋ ಇದೆ ನೋಡಿ ಎನ್ನಬೇಕಿತ್ತು. ಈಗ ಪತ್ರಿಕೆಯೇ ಆ ವರದಿಯ ಪರವಾಗಿ ಸಾಕ್ಷಿ ಹೇಳುವಂತಿತ್ತು.

"ನಡುವ ಒಂದು ಒಣ ಎಲಿ ಗುಂಪಿ ಬಿದ್ದಿತ್ತಲ್ರಿ, ಅದನ್ನ ತೆಗೆದು ಸಾಫ್ ಮಾಡೀನಿ," ಎಂದ ಮತೀನ್, ಶಾಭಾಸ್ ಬರುವುದನ್ನು ಕಾಯುವವನ ಹಾಗೆ.

"ಅದು ಎಲಿ ಅಲ್ಲ. ಅದಾ ಹಕ್ಕಿ."

"ಹಂಗ ಅನಬ್ಯಾಡ್ರಿ. ಲಗ್ನದ ಫೋಟೋದಾಗ ಮದುಮಗಳ ಗಲ್ಲದ ಮ್ಯಾಲಿನ ಕಲಿ ತೆಗೀತೀನಿ, ಬೀಗರು ಸೈತ ಪತ್ತೆ ಹಚ್ಚಿಲ್ಲ. ಹಕ್ಕಿ ಯಾವುದು, ಎಲಿ ಯಾವುದು ನನಗ ತಿಳಿಯಂಗಿಲ್ಲೇನ್ರಿ?"

"ಮೊದಲ ಮಷಿನ್ ನಿಲ್ಲಸ್ರಿ."

"ನಿಲ್ಲಸಿದ್ರ ಮುಖಪುಟ ಛಾಪಿಸಾಕ ಹೊಸ ಪ್ಲೇಟ್ ಆಗಬೇಕು. ಇದು ಇಳದ ಕೂಡ್ಲೇ ಅಕ್ಕಿ ಗಿರಣಿ ಸಾಹುಕಾರ್ರ ಮನಿ ಲಗ್ನಪತ್ರಿಕಿ ಏರಬೇಕು, ಅವರ ಆಳು ಹೊರಗ ಕುಂತಾನ. ಇದ್ದ ಹಕ್ಕಿಗಾದ್ರ ಅವರ ಕಾಲು ಹಿಡೀತೀನ್ರಿ ಮೇಡಂ. ಇಲ್ಲದ ಹಕ್ಕಿಗೆ ಏನಂತ ಹೇಳ್ಲಿ? ತೋರಿಸ್ರಿ, ನಿಲ್ಲಸ್ತೀನಿ."

ಅಮರೇಶ ಕಳಿಸಿದ್ದ ಮೂಲ ಚಿತ್ರವನ್ನು ಮತೀನನೇ ಕಂಪ್ಯೂಟರ್ ಪರದೆಯ ಮೇಲೆ ತೆರೆದ. ಶೈಲಜಾ ಬೆರಳಿಟ್ಟಳು.

"ಇದು ರೆಕ್ಕಿ."

"ಕಲ್ಲರೀ ಅದು."

"ಇದು ಬಾಲ."

"ನೆಳ್ಳು."

"ಇದು ಕೊಕ್ಕು, ಮತೀನ್. ಕೊಕ್ಕು."

"ನೀವು ಅಷ್ಟು ಅಂದ್ರ, ಬೇಕಾದ್ರ ನಾನೂ ಹೂಂ ಅಂತೀನ್ರಿ."

ಶೈಲಜಾಳಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಹಿಂದೆ ಮಷಿನ್ನು ಹಕ್ಕಿಯಿಲ್ಲದ ಮರಡಿಯನ್ನು ಒಂದರ ಮೇಲೊಂದು ಪೇರಿಸುತ್ತಲೇ ಇತ್ತು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಎದ್ದಿತು. ಎದುರಿಗೆ ಕೂರಿಸಿಕೊಂಡು, ದೊಡ್ಡದು ಮಾಡಿ, ಬೆರಳಿಟ್ಟು ತೋರಿಸಿದರೂ ಇವನಿಗೆ ಕಾಣದ್ದು, ನಾಳೆ ಚಹಾ ಕುಡಿಯುತ್ತ ಪುಟ ತಿರುವುವ ಸಾಹೇಬರಿಗೆ ಕಂಡೀತೆ? ದೇವರನ್ನು ತೋರಿಸು ಎಂದವರಿಗೆ ಉತ್ತರ ಕೊಟ್ಟ ಹಿರಿಯರುಂಟು. ನತ್ತಿಂಗವನ್ನು ತೋರಿಸು ಎಂದರೆ ಯಾರನ್ನು ಕೇಳುವುದು?

"ಹೋಗ್ಲಿ, ಹಕ್ಕಿ ಹುಡುಕೂದು ಬಿಟ್ಟುಬಿಡ್ರಿ," ಎಂದಳು ಸಿಡುಕಿ. "ಕಲ್ಲು ಅಂತೀರಿ, ನೆಳ್ಳು ಅಂತೀರಿ. ಅದು ಮಾತ್ರ ಆವಾಗಿಂದ ನಿಮ್ಮನ್ನಾ ನೋಡಾಕತ್ತದ. ಯಾರು ನೋಡಾಕತ್ತಾರ, ಅದನ್ನರ ಹುಡುಕ್ರಿ."

ಮತೀನ್ ನಕ್ಕ. ನಗುತ್ತಲೇ ಪರದೆಯತ್ತ ಬಾಗಿದ. ನಗು ತುಟಿಯ ಮೇಲೆ ಉಳಿದಿತ್ತು, ಆದರೆ ಕಣ್ಣು ಒಂದೆಡೆ ನಿಂತುಬಿಟ್ಟಿತು. ಕಲ್ಲುಗಳ ನಡುವೆ ಅಕ್ಕಿಕಾಳಿನಷ್ಟು ಸಂದು. ಸಂದಿನೊಳಗೆ ಕಪ್ಪಗೆ ಒಂದು ಮಿನುಗು. ಮುಚ್ಚಿಯೂ ಮುಚ್ಚದ ಕಣ್ಣು. ಅದೊಂದು ಸಿಕ್ಕಿದ್ದೇ ತಡ, ಸುತ್ತಲಿನ ಎಲೆ, ನೆರಳು, ಕಲ್ಲು ಎಲ್ಲ ತಂತಮ್ಮ ಜಾಗಕ್ಕೆ ಬಂದು ಕೂಡಿಕೊಂಡವು, ರೆಕ್ಕೆಯಾದವು, ಬಾಲವಾದವು.

ಅವನು ಮೌಸಿನ ಮೇಲಿದ್ದ ಕೈಯನ್ನು ಮೆಲ್ಲಗೆ ಎತ್ತಿಕೊಂಡ.

"ಈಗರ ಮಷಿನ್..." ಎಂದಳು ಶೈಲಜಾ.

"ಶ್. ಮೊಟ್ಟಿ ಮ್ಯಾಲ ಕುಂತದ್ರಿ."

ಆಮೇಲೆ ಕುರ್ಚಿ ಸದ್ದಾಗದಂತೆ ಎದ್ದು, ಚಪ್ಪಲಿ ಅಲ್ಲೇ ಬಿಟ್ಟು, ಆ ಧಡಲ್ ಧಡಲ್ ಗದ್ದಲದೊಳಗೆ ಮತೀನ್ ತುದಿಗಾಲ ಮೇಲೆ ಪರಮಣ್ಣನ ಕಡೆಗೆ ನಡೆದ.