ನಾಲ್ಕು ಇಪ್ಪತ್ತರ ಬಳ್ಳೊಳ್ಳಿ

ವಿಶ್ವವಿದ್ಯಾಲಯದ ನಮ್ಮ ಹಿಂಸಾ ತಡೆ ಕೇಂದ್ರದ ಯಂತ್ರ ದಿನಾ ಬೆಳಿಗ್ಗೆ ಚೀಟಿ ಕೊಡುತ್ತದೆ. ಯಾವ ಮನೆಯಲ್ಲಿ, ಎಷ್ಟು ಗಂಟೆಗೆ ಇನ್ನೊಬ್ಬರ ಮೇಲೆ ಕೈ ಏಳುತ್ತದೆ ಎಂಬುದಷ್ಟೇ ಅದರಲ್ಲಿರುತ್ತದೆ, ಯಾರ ಕೈ ಎಂದಿರುವುದಿಲ್ಲ. ಆ ನಿಮಿಷ ದಾಟುವವರೆಗೆ ಆ ಕೈಗೆ ಕೆಲಸ ಕೊಟ್ಟು ಕೂರುವುದು ನನ್ನ ನೌಕರಿ. ಹದಿನೆಂಟು ವರ್ಷದಿಂದ ಚೀಲದಲ್ಲಿ ಅರ್ಧ ಕಿಲೋ ಬಳ್ಳೊಳ್ಳಿ ಇಟ್ಟುಕೊಂಡೇ ತಿರುಗುತ್ತೇನೆ.

ಇವತ್ತಿನ ಚೀಟಿ ಧಾರವಾಡದ ಮಾಳಮಡ್ಡಿಯದು, ನಾಲ್ಕು ಇಪ್ಪತ್ತಕ್ಕೆ. ಬಾಗಿಲು ತೆರೆದ ಮಡಿವಾಳಪ್ಪ ನನ್ನ ಬಿಲ್ಲೆ ನೋಡಿ ಮುಖ ಬಿಗಿದುಕೊಂಡ.

"ನಾ ಏನ್ ಮಾಡೇನ್ರಿ ಬಾಯಾರ?"

"ಇನ್ನೂ ಏನೂ ಮಾಡಿಲ್ರಿ. ನಾಲ್ಕು ಇಪ್ಪತ್ತು ದಾಟೂತನಕ ಕುಂದರ್ರಿ, ಇದನ್ನ ಸುಲೀರಿ."

ಚೀಲದಲ್ಲಿದ್ದ ಬಳ್ಳೊಳ್ಳಿಯನ್ನೆಲ್ಲ ಅವನ ಮುಂದೆ ಸುರಿದೆ. ಅವನ ಹೆಂಡತಿ ನೀಲವ್ವ ಒಳಗೆ ಚಹಾಕ್ಕಿಟ್ಟಿದ್ದಳು.

"ನಮ್ಮಾಕಿಗೆ ಬಡದು ಹೇಳಿದ್ರೂ ತಲ್ಯಾಗ ಹೋಗೂದಿಲ್ರಿ," ಎಂದು ನಗುತ್ತಾ ಸುಲಿದ. "ನಿನ್ನೆ ತವರುಮನಿಯವರ ಮುಂದನೂ ಅದನ್ನ ಹೇಳಿದೆ."

ನಾನು ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಶಾಂತವಾಗಿದ್ದವು. ಗಡಿಯಾರದಲ್ಲಿ ನಾಲ್ಕು ಹತ್ತೊಂಬತ್ತಾಗಿತ್ತು.

ನೀಲವ್ವ ಹೊರಗೆ ಬಂದು ಗಂಡನ ಬೆನ್ನ ಹಿಂದೆ ನಿಂತಳು. ಕಪ್ಪು ತಂದಿರಲಿಲ್ಲ. ಇಕ್ಕಳದಲ್ಲಿ ಹಿಡಿದ ಪಾತ್ರೆಯಲ್ಲಿ ಚಹಾ ಇನ್ನೂ ಕುದಿಯುತ್ತಿತ್ತು, ಪಾತ್ರೆ ಅವನ ತಲೆಯ ಮಟ್ಟಕ್ಕೆ ಏರಿತ್ತು. ಅವಳ ಮಣಿಕಟ್ಟಿನ ಮೇಲೆ ಹಳೆಯ ಪೆಟ್ಟಿನ ಗುರುತು ಹಸಿರುಗಟ್ಟಿತ್ತು.

ನಾನು ಚೀಲಕ್ಕೆ ಕೈ ಹಾಕಿದೆ. ಅದು ಖಾಲಿಯಾಗಿತ್ತು.

ಅವಳು ಗಡಿಯಾರ ನೋಡಿದಳು, ಆಮೇಲೆ ನನ್ನನ್ನು.

"ಅಕ್ಕಾರ," ಎಂದಳು ಮೆಲ್ಲಗೆ, "ನನ್ನ ಕೈಗೂ ಏನರ ಕೊಡ್ರಿ. ಲಗೂ ಕೊಡ್ರಿ."